ಡಬ್ಲ್ಯೂಡಿಎಂ-2

ಡಬ್ಲ್ಯೂಡಿಎಂ-2 ಭಾರತೀಯ ರೈಲ್ವೆಯು ಬ್ರಾಡ್ ಗೇಜ್ ಮಾರ್ಗಗಳಲ್ಲಿ ಬಳಸಿದ ಡೀಸೆಲ್-ವಿದ್ಯುತ್ ಲೋಕೋಮೋಟಿವ್‌ಗಳ ಒಂದು ವರ್ಗ. ಅಮೆರಿಕನ್ ಲೋಕೋಮೋಟಿವ್ ಕಂಪನಿಯು, ಅಂದರೆ ಸಂಕ್ಷಿಪ್ತವಾಗಿ ಆಲ್ಕೊ, ಡಿಎಲ್560ಸಿ ಎಂಬ ಮಾದರಿ ಹೆಸರಿನಲ್ಲಿ ಇದನ್ನು ವಿನ್ಯಾಸಗೊಳಿಸಿತು. ಮೊದಲ ಲೋಕೋಮೋಟಿವ್‌ಗಳು 1962ರಲ್ಲಿ ಭಾರತಕ್ಕೆ ಬಂದವು. 1964ರಿಂದ ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಕಾರ್ಖಾನೆಯು ಇವುಗಳನ್ನು ತಯಾರಿಸಲಾರಂಭಿಸಿತು. 1998ರಲ್ಲಿ ತಯಾರಿಕೆ ನಿಲ್ಲುವ ಹೊತ್ತಿಗೆ 2,600ಕ್ಕೂ ಹೆಚ್ಚು ಲೋಕೋಮೋಟಿವ್‌ಗಳು ಸಿದ್ಧವಾಗಿದ್ದವು. ಭಾರತದಲ್ಲಿ ಹಬೆಯ ಯುಗ ಮುಗಿಯುತ್ತಿದ್ದ ಕಾಲದಿಂದ ವಿದ್ಯುದೀಕರಣವು ಬಹುತೇಕ ಪೂರ್ಣಗೊಂಡ ಕಾಲದವರೆಗೆ ಸರಕು ಮತ್ತು ಪ್ರಯಾಣಿಕ ರೈಲುಗಳೆರಡನ್ನೂ ಎಳೆದ ಪ್ರಮುಖ ಡೀಸೆಲ್ ವರ್ಗ ಇದಾಗಿದೆ.

ರೂಢಿಯಲ್ಲಿ ಇಡೀ ಲೋಕೋಮೋಟಿವನ್ನೇ ‘ಎಂಜಿನ್’ ಎಂದು ಕರೆಯುವುದುಂಟು. ಈ ಲೇಖನದಲ್ಲಿ ‘ಎಂಜಿನ್’ ಎಂಬ ಪದವನ್ನು ಲೋಕೋಮೋಟಿವ್‌ನ ಒಳಗಿರುವ ಡೀಸೆಲ್ ಯಂತ್ರಕ್ಕೆ ಮಾತ್ರ ಬಳಸಲಾಗಿದೆ.

ಹೆಸರಿನ ಅರ್ಥ

ಭಾರತೀಯ ರೈಲ್ವೆಯ ವರ್ಗೀಕರಣ ಪದ್ಧತಿಯಲ್ಲಿ ಮೊದಲ ಅಕ್ಷರವು ಹಳಿಯ ಅಗಲವನ್ನು ಸೂಚಿಸುತ್ತದೆ. ‘ಡಬ್ಲ್ಯೂ’ ಎಂದರೆ 1,676 ಮಿ.ಮೀ. ಅಗಲದ ಬ್ರಾಡ್ ಗೇಜ್, ‘ವೈ’ ಎಂದರೆ ಮೀಟರ್ ಗೇಜ್. ಎರಡನೆಯ ‘ಡಿ’ ಡೀಸೆಲ್ ಇಂಧನವನ್ನೂ, ಮೂರನೆಯ ‘ಎಂ’ ಸರಕು ಮತ್ತು ಪ್ರಯಾಣಿಕ ಎಂಬ ಮಿಶ್ರ ಬಳಕೆಯನ್ನೂ ಸೂಚಿಸುತ್ತವೆ. ಕೊನೆಯ ಅಂಕಿಯು ಈ ಬಗೆಯ ಎರಡನೆಯ ವರ್ಗ ಎಂಬುದನ್ನಷ್ಟೇ ಹೇಳುತ್ತದೆ. ಮುಂದೆ ಬಂದ ಡಬ್ಲ್ಯೂಡಿಎಂ-3ಎ ಮುಂತಾದ ಹೆಸರುಗಳಲ್ಲಿ ಅಂಕಿಯ ಅರ್ಥ ಬದಲಾಗಿದೆ. ಅಲ್ಲಿ ‘3’ ಮೂರು ಸಾವಿರ ಅಶ್ವಶಕ್ತಿಯನ್ನೂ ‘ಎ’ ಅದಕ್ಕೆ ಸೇರುವ ನೂರನ್ನೂ ಸೂಚಿಸುತ್ತದೆ. ಎರಡು ಪದ್ಧತಿಗಳೂ ಒಟ್ಟಿಗೆ ಬಳಕೆಯಲ್ಲಿದ್ದುದರಿಂದ ಡಬ್ಲ್ಯೂಡಿಎಂ-2 ಎರಡು ಸಾವಿರ ಅಶ್ವಶಕ್ತಿಯದ್ದು ಎಂದು ತಪ್ಪಾಗಿ ತಿಳಿಯುವುದಿದೆ. ಅದರ ನಿಜವಾದ ಸಾಮರ್ಥ್ಯ 2,600 ಅಶ್ವಶಕ್ತಿ.

ಹಿನ್ನೆಲೆ ಮತ್ತು ಆಯ್ಕೆ

ಸ್ವಾತಂತ್ರ್ಯಾನಂತರ ಭಾರತದ ರೈಲುಗಳು ಬಹುಮಟ್ಟಿಗೆ ಕಲ್ಲಿದ್ದಲು ಮತ್ತು ಹಬೆಯನ್ನೇ ನೆಚ್ಚಿಕೊಂಡಿದ್ದವು. ಹಬೆಯ ಲೋಕೋಮೋಟಿವ್ ಇಂಧನದ ಶಕ್ತಿಯಲ್ಲಿ ಶೇಕಡ ಹತ್ತರಷ್ಟನ್ನೂ ಎಳೆತಕ್ಕೆ ಒದಗಿಸಲಾರದು. ಅದಕ್ಕೆ ದಾರಿಯುದ್ದಕ್ಕೂ ನೀರು ತುಂಬಬೇಕು, ಬೂದಿ ತೆಗೆಯಬೇಕು, ಮರುದಿನದ ಕೆಲಸಕ್ಕೆ ಗಂಟೆಗಟ್ಟಲೆ ಮುಂಚಿತವಾಗಿ ಬೆಂಕಿ ಹಚ್ಚಬೇಕು. ಪಂಚವಾರ್ಷಿಕ ಯೋಜನೆಗಳ ಫಲವಾಗಿ ಉಕ್ಕು, ಅದಿರು ಮತ್ತು ಕಲ್ಲಿದ್ದಲಿನ ಸಾಗಣೆ ಏರುತ್ತಿದ್ದಂತೆ ಈ ಮಿತಿಗಳು ಎದ್ದು ಕಂಡವು.

ಮುಖ್ಯ ಮಾರ್ಗಗಳಿಗೆಂದು ತರಿಸಿದ ಮೊದಲ ಡೀಸೆಲ್ ವರ್ಗ ಡಬ್ಲ್ಯೂಡಿಎಂ-1. ಆಲ್ಕೊ ತಯಾರಿಸಿದ ಇಂಥ 100 ಲೋಕೋಮೋಟಿವ್‌ಗಳು 1950ರ ದಶಕದ ಕೊನೆಯಲ್ಲಿ ಬಂದವು. ಅವುಗಳ ಚಾಲಕ ಕೋಣೆ ಒಂದು ತುದಿಯಲ್ಲಿ ಮಾತ್ರ ಇತ್ತು. ಹಿಂದಕ್ಕೆ ಓಡಿಸುವುದು ಕಷ್ಟವಾದ್ದರಿಂದ ಎರಡನ್ನು ಬೆನ್ನಿಗೆ ಬೆನ್ನು ತಾಗಿಸಿ ಜೋಡಿಸುವುದು, ಇಲ್ಲವೇ ತಿರುಗುಮೇಜಿನ ಮೇಲೆ ತಿರುಗಿಸುವುದು ಅನಿವಾರ್ಯವಾಗಿತ್ತು. ಇವು ಡೀಸೆಲ್‌ನ ಪ್ರಯೋಜನವನ್ನು ತೋರಿಸಿಕೊಟ್ಟವು. ಆದರೆ ಪ್ರತಿ ಬಾರಿಯೂ ಹೊರದೇಶದಿಂದ ಕೊಳ್ಳುವಷ್ಟು ವಿದೇಶಿ ವಿನಿಮಯ ದೇಶದಲ್ಲಿರಲಿಲ್ಲ. ಹೀಗಾಗಿ ಯಾವ ಯಂತ್ರ ಉತ್ತಮ ಎಂಬ ಪ್ರಶ್ನೆಯ ಜೊತೆಗೆ ಯಾವ ಯಂತ್ರವನ್ನು ಇಲ್ಲಿಯೇ ತಯಾರಿಸಲು ಸಾಧ್ಯ ಎಂಬ ಪ್ರಶ್ನೆಯೂ ಎದ್ದಿತು.

1962ರಲ್ಲಿ ಎರಡು ವಿನ್ಯಾಸಗಳು ಎದುರುಬದುರಾದವು. ಒಂದು ಆಲ್ಕೊದ ಡಬ್ಲ್ಯೂಡಿಎಂ-2. ಇನ್ನೊಂದು ಜನರಲ್ ಮೋಟರ್ಸ್ ಸಂಸ್ಥೆಯ ಡಬ್ಲ್ಯೂಡಿಎಂ-4. ಇವೆರಡೂ 2,600 ಅಶ್ವಶಕ್ತಿಯವು, ಆರು ಅಚ್ಚುಗಳವು. ಎರಡು ಹೊಡೆತಗಳ ಎಂಜಿನ್ ಹೊಂದಿದ್ದ ಡಬ್ಲ್ಯೂಡಿಎಂ-4 ಅನೇಕ ದೃಷ್ಟಿಯಿಂದ ಮೇಲು ಎಂಬ ಅಭಿಪ್ರಾಯ ರೈಲ್ವೆ ವಲಯದಲ್ಲಿತ್ತು. 1969ರಲ್ಲಿ ದೆಹಲಿ ಮತ್ತು ಹೌರಾ ನಡುವೆ ಮೊದಲ ರಾಜಧಾನಿ ಎಕ್ಸ್‌ಪ್ರೆಸ್ ಆರಂಭವಾದಾಗ ಅದನ್ನು ಎಳೆಯಲು ಆರಿಸಿದ್ದೂ ಈ ವರ್ಗವನ್ನೇ. ಆದರೂ ಡಬ್ಲ್ಯೂಡಿಎಂ-4ರ ಸಂಖ್ಯೆ 72ನ್ನು ದಾಟಲಿಲ್ಲ. ಜನರಲ್ ಮೋಟರ್ಸ್ ತಂತ್ರಜ್ಞಾನ ಹಸ್ತಾಂತರಕ್ಕೆ ಒಪ್ಪಲಿಲ್ಲ, ಆಲ್ಕೊ ಒಪ್ಪಿತು. ಭಾರತದ ಡೀಸೆಲ್ ಚರಿತ್ರೆಯ ಮುಂದಿನ ಮೂವತ್ತೈದು ವರ್ಷಗಳನ್ನು ನಿರ್ಧರಿಸಿದ್ದು ಈ ಒಂದು ಒಪ್ಪಿಗೆ.

ಆಲ್ಕೊ ಸಹಯೋಗದ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ 1961ರಲ್ಲಿ ವಾರಾಣಸಿಯಲ್ಲಿ ಸ್ಥಾಪನೆಯಾಯಿತು. ಅಲ್ಲಿಂದ ಮೊದಲ ಲೋಕೋಮೋಟಿವ್ 1964ರ ಜನವರಿಯಲ್ಲಿ ಹೊರಬಂತು. ಆರಂಭದಲ್ಲಿ ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸುವುದಷ್ಟೇ ಇಲ್ಲಿನ ಕೆಲಸವಾಗಿತ್ತು. ಕ್ರಮೇಣ ಎಂಜಿನ್‌ನ ಭಾಗಗಳು ವಾರಾಣಸಿಯಲ್ಲೇ ತಯಾರಾಗತೊಡಗಿದವು, ವಿದ್ಯುತ್ ಯಂತ್ರಗಳನ್ನು ಬಿಎಚ್‌ಇಎಲ್ ಒದಗಿಸತೊಡಗಿತು. ಅಷ್ಟರಲ್ಲಿ ಮೂಲ ಸಂಸ್ಥೆಯೇ ಮಾರುಕಟ್ಟೆಯಲ್ಲಿ ಸೋತು 1969ರಲ್ಲಿ ಲೋಕೋಮೋಟಿವ್ ತಯಾರಿಕೆಯನ್ನು ನಿಲ್ಲಿಸಿತು. ಕೇವಲ ಕೊಳ್ಳುಗನಾಗಿ ಉಳಿದಿದ್ದರೆ ಭಾರತದ ಪಾಲಿಗೆ ಇದೊಂದು ಆಪತ್ತು. ತಯಾರಿಕೆಯ ವಿದ್ಯೆ ಕೈಸೇರಿದ್ದರಿಂದ, ತಾಯಿ ಕಂಪನಿ ಮುಚ್ಚಿದ ಬಳಿಕವೂ ಸುಮಾರು ಮೂರು ದಶಕಗಳ ಕಾಲ ಅದರ ವಿನ್ಯಾಸ ವಾರಾಣಸಿಯಲ್ಲಿ ಜೀವಂತವಾಗಿತ್ತು.

ವಿನ್ಯಾಸ

ಲೋಕೋಮೋಟಿವ್‌ನ ಉದ್ದ ಸುಮಾರು 17 ಮೀಟರ್, ತೂಕ 112.8 ಟನ್. ತೂಕವು ಆರು ಅಚ್ಚುಗಳ ಮೇಲೆ ಹಂಚಿಕೆಯಾಗುವುದರಿಂದ ಪ್ರತಿ ಅಚ್ಚಿನ ಭಾರ 18.8 ಟನ್ ಆಗುತ್ತದೆ. ಗರಿಷ್ಠ ವೇಗ ಗಂಟೆಗೆ 120 ಕಿ.ಮೀ. ಇಂಧನ ತೊಟ್ಟಿಯಲ್ಲಿ 5,000 ಲೀಟರ್ ಡೀಸೆಲ್ ಹಿಡಿಸುತ್ತದೆ.

ಒಳಗಿನ ಜೋಡಣೆ ಸರಳವಾದುದು. ಒಂದು ತುದಿಯಲ್ಲಿ ಗಿಡ್ಡ ಮೂತಿ, ಅದರ ಹಿಂದೆ ಚಾಲಕ ಕೋಣೆ, ಅಲ್ಲಿಂದ ಉದ್ದನೆಯ ಹುಡ್. ಹುಡ್‌ನ ಒಳಗೆ ಕ್ರಮವಾಗಿ ಜನರೇಟರ್, ಎಂಜಿನ್, ಬ್ರೇಕಿಗೆ ಗಾಳಿ ಒದಗಿಸುವ ಯಂತ್ರ ಹಾಗೂ ತುದಿಯಲ್ಲಿ ರೇಡಿಯೇಟರ್ ಇರುತ್ತವೆ. ಹುಡ್‌ನ ಎರಡೂ ಬದಿಗಳಲ್ಲಿ ನಡೆಹಾದಿಯಿದೆ. ಬದಿಯ ಬಾಗಿಲುಗಳನ್ನು ತೆರೆದರೆ ನಿಂತಲ್ಲಿಂದಲೇ ಎಂಜಿನ್ ಕೈಗೆ ಸಿಗುತ್ತದೆ. ದೂರದ ನಿಲ್ದಾಣದಲ್ಲಿ ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಿಕೊಂಡು ರೈಲನ್ನು ಮುಂದೆ ಸಾಗಿಸಲು ಈ ಏರ್ಪಾಡು ಬಹಳ ನೆರವಾಯಿತು.

ಎಂಜಿನ್ ಆಲ್ಕೊದ 251-ಬಿ ಮಾದರಿಯದು. ‘ವಿ’ ಆಕಾರದಲ್ಲಿ ಜೋಡಿಸಿದ 16 ಸಿಲಿಂಡರ್‌ಗಳು, ನಾಲ್ಕು ಹೊಡೆತಗಳ ಆವರ್ತ, ಟರ್ಬೊಚಾರ್ಜರ್ ಇದರ ಲಕ್ಷಣಗಳು. ಪ್ರತಿ ಸಿಲಿಂಡರ್‌ನ ವ್ಯಾಸ 228.6 ಮಿ.ಮೀ., ಕೊಂತದ ಚಲನೆ 266.7 ಮಿ.ಮೀ. ಲೆಕ್ಕ ಹಾಕಿದರೆ ಒಂದೊಂದು ಸಿಲಿಂಡರ್‌ನ ಗಾತ್ರ ಸುಮಾರು 11 ಲೀಟರ್. ಒಂದು ಸಿಲಿಂಡರ್‌ನಲ್ಲಿಯೇ ದೊಡ್ಡ ಲಾರಿಯೊಂದರ ಇಡೀ ಎಂಜಿನ್‌ನಷ್ಟು ಜಾಗವಿದೆ. ಎಂಜಿನ್ ಖಾಲಿ ಓಡುವಾಗ ನಿಮಿಷಕ್ಕೆ 400 ಸುತ್ತು, ಪೂರ್ಣ ಶಕ್ತಿಯಲ್ಲಿ 1,000 ಸುತ್ತು ತಿರುಗುತ್ತದೆ. ಈ 251 ಶ್ರೇಣಿಯ ಎಂಜಿನ್‌ಗಳ ಬಳಕೆ ರೈಲಿಗಷ್ಟೇ ಸೀಮಿತವಾಗಿರಲಿಲ್ಲ. ಚಂದ್ರಯಾನದ ಸ್ಯಾಟರ್ನ್-5 ರಾಕೆಟ್‌ಗಳನ್ನು ಉಡಾವಣಾ ವೇದಿಕೆಗೆ ಹೊತ್ತೊಯ್ದ ನಾಸಾದ ದೈತ್ಯ ವಾಹನಗಳಲ್ಲಿಯೂ ಇದೇ ಕುಟುಂಬದ 16 ಸಿಲಿಂಡರ್ ಎಂಜಿನ್‌ಗಳಿದ್ದವು.

ಡೀಸೆಲ್ ಎಂಜಿನ್ ನೇರವಾಗಿ ಗಾಲಿಗಳನ್ನು ತಿರುಗಿಸುವುದಿಲ್ಲ. ನಿಂತ ರೈಲನ್ನು ಎಳೆಯಲು ಬೇಕಾದ ಅಪಾರ ತಿರುಗುಬಲವನ್ನು ಸೊನ್ನೆ ವೇಗದಲ್ಲಿ ಕೊಡುವುದು ಅದಕ್ಕೆ ಸಾಧ್ಯವಿಲ್ಲ. ಅಷ್ಟು ಶಕ್ತಿಗೆ ತಕ್ಕ ಗೇರುಪೆಟ್ಟಿಗೆಯನ್ನು ರಚಿಸುವುದೂ ಸುಲಭವಲ್ಲ. ಆದ್ದರಿಂದ ಎಂಜಿನ್ ಒಂದು ನೇರ ವಿದ್ಯುತ್ ಜನರೇಟರನ್ನು ತಿರುಗಿಸುತ್ತದೆ. ಆ ವಿದ್ಯುತ್ತು ಪ್ರತಿ ಅಚ್ಚಿಗೆ ಒಂದರಂತೆ ಕೂಡಿಸಿದ ಆರು ಮೋಟರ್‌ಗಳಿಗೆ ಹರಿಯುತ್ತದೆ. ಹೊರಡುವಾಗ ಮೋಟರ್‌ಗಳು ಎರಡೆರಡು ಸರಣಿಯಲ್ಲಿ ಜೋಡಣೆಗೊಂಡಿರುತ್ತವೆ. ವೇಗ ಏರಿದಂತೆ ಸ್ವಯಂಚಾಲಿತ ಸ್ವಿಚ್ಚುಗಳು ಆರನ್ನೂ ಸಮಾಂತರ ಜೋಡಣೆಗೆ ಬದಲಿಸುತ್ತವೆ. ಹೀಗೆ ಬದಲಾಗುವ ಕ್ಷಣದಲ್ಲಿ ಎಳೆತ ತುಸು ಸಡಿಲಗೊಂಡು ಮತ್ತೆ ಬಿಗಿಯಾಗುತ್ತದೆ. ಎಂಜಿನ್ ಚಾಲೂ ಮಾಡಲು ಬೇರೆ ಸ್ಟಾರ್ಟರ್ ಇಲ್ಲ. ಬ್ಯಾಟರಿಯ ವಿದ್ಯುತ್ತನ್ನು ಮುಖ್ಯ ಜನರೇಟರಿಗೇ ಹಾಯಿಸಿ, ಅದನ್ನು ಕ್ಷಣಕಾಲ ಮೋಟರಿನಂತೆ ದುಡಿಸಲಾಗುತ್ತದೆ. ಎಂಜಿನ್‌ನ 2,600 ಅಶ್ವಶಕ್ತಿಯಲ್ಲಿ ಎಳೆತಕ್ಕೆ ದೊರೆಯುವುದು ಸುಮಾರು 2,400. ಉಳಿದದ್ದು ಪಂಖ, ಪಂಪು ಮತ್ತು ಗಾಳಿಯಂತ್ರಗಳಿಗೆ ವ್ಯಯವಾಗುತ್ತದೆ.

ಗಾಲಿಗಳು ಮೂರು ಮೂರು ಅಚ್ಚುಗಳ ಎರಡು ಬೋಗಿಗಳಲ್ಲಿವೆ. ಕನ್ನಡದಲ್ಲಿ ಬೋಗಿ ಎಂದರೆ ಪ್ರಯಾಣಿಕರ ಡಬ್ಬಿ ಎಂಬ ಅರ್ಥವೇ ರೂಢಿಯಾಗಿದೆ. ತಾಂತ್ರಿಕವಾಗಿ ಅದು ಗಾಲಿ ಮತ್ತು ಅಚ್ಚುಗಳನ್ನು ಹಿಡಿದಿರುವ ಕೆಳಗಿನ ಚೌಕಟ್ಟಿನ ಹೆಸರು. ಡಬ್ಲ್ಯೂಡಿಎಂ-2ರಲ್ಲಿ ಬಳಸಿದ ‘ಟ್ರೈಮೌಂಟ್’ ಬೋಗಿಯಲ್ಲಿ ಮೂರು ಅಚ್ಚುಗಳ ನಡುವಿನ ಅಂತರ ಸಮನಾಗಿಲ್ಲ. ಲೋಕೋಮೋಟಿವನ್ನು ಬದಿಯಿಂದ ನೋಡಿದವರಿಗೆ ಎರಡು ಗಾಲಿಗಳು ಹತ್ತಿರವೂ ಒಂದು ದೂರವೂ ಇರುವುದು ತಕ್ಷಣ ಕಾಣುತ್ತದೆ. ಭಾರವಾದ ರೈಲನ್ನು ಎಳೆಯುವಾಗ ಈ ಬೋಗಿಯಲ್ಲಿ ತೂಕವು ಮುಂದಿನ ಅಚ್ಚಿನಿಂದ ಹಿಂದಕ್ಕೆ ಸರಿದು, ಮುಂದಿನ ಗಾಲಿಗಳು ಹಳಿಯ ಮೇಲೆ ಜಾರುವ ಸಂಭವ ಹೆಚ್ಚು. ಮಳೆಗಾಲದಲ್ಲಿ, ಏರುದಾರಿಯಲ್ಲಿ, ಗಾಲಿಯ ಮುಂದೆ ಮರಳು ಸುರಿಸುತ್ತ ಸಾಗುವುದು ಚಾಲಕರಿಗೆ ನಿತ್ಯದ ಕೆಲಸವಾಗಿತ್ತು. ಮುಂದೆ ಸರಕು ಸಾಗಣೆಗೆಂದೇ ಬಂದ ಡಬ್ಲ್ಯೂಡಿಜಿ-3ಎ ವರ್ಗಕ್ಕೆ ಬೇರೆ ಬಗೆಯ ಬೋಗಿಯನ್ನು ಅಳವಡಿಸಿದ್ದು ಈ ಕಾರಣಕ್ಕಾಗಿ.

ರೈಲಿನ ಬ್ರೇಕ್ ವ್ಯವಸ್ಥೆ ಮೊದಲು ನಿರ್ವಾತ ಬ್ರೇಕ್ ಆಗಿತ್ತು. ಆಗ ಒಂದೇ ಯಂತ್ರ ಲೋಕೋಮೋಟಿವ್‌ನ ಬ್ರೇಕಿಗೆ ಗಾಳಿಯನ್ನು ಒತ್ತುವ ಕೆಲಸವನ್ನೂ, ರೈಲಿನ ಬ್ರೇಕಿಗಾಗಿ ಕೊಳವೆಯಿಂದ ಗಾಳಿಯನ್ನು ಹೀರುವ ಕೆಲಸವನ್ನೂ ಮಾಡುತ್ತಿತ್ತು. ಅದಕ್ಕೆ ‘ಎಕ್ಸ್‌ಪ್ರೆಸರ್’ ಎಂಬ ಹೆಸರು. ವಾಯು ಬ್ರೇಕ್ ರೂಢಿಗೆ ಬಂದ ಮೇಲೆ ಹಳೆಯ ಲೋಕೋಮೋಟಿವ್‌ಗಳನ್ನು ಮಾರ್ಪಡಿಸಲಾಯಿತು.

ಚಾಲಕ ಕೋಣೆ

ಡಬ್ಲ್ಯೂಡಿಎಂ-1ರ ತೊಂದರೆಗೆ ಇಲ್ಲಿ ಕಂಡುಕೊಂಡ ಪರಿಹಾರವೆಂದರೆ ಒಂದೇ ಕೋಣೆಯಲ್ಲಿ ಎರಡು ನಿಯಂತ್ರಣ ಮೇಜುಗಳು. ಅವು ಕರ್ಣರೇಖೆಯಲ್ಲಿ ಎದುರುಬದುರಾಗಿದ್ದವು. ಯಾವ ದಿಕ್ಕಿಗೆ ಹೊರಟರೂ ಚಾಲಕನು ಆ ದಿಕ್ಕಿನ ಎಡಬದಿಯಲ್ಲಿ ಕುಳಿತುಕೊಳ್ಳಬಹುದಿತ್ತು. ತಿರುಗುಮೇಜಿನ ಅವಶ್ಯಕತೆ ಇಲ್ಲವಾಯಿತು. ಆದರೆ ಉದ್ದನೆಯ ಹುಡ್ ಮುಂದಾಗಿ ಓಡುವಾಗ ಚಾಲಕನ ಕಣ್ಣಿನ ಮುಂದೆ ಹತ್ತು ಮೀಟರಿಗೂ ಹೆಚ್ಚು ಉದ್ದದ ಗೋಡೆ ನಿಂತಂತಾಗುತ್ತಿತ್ತು. ಬಲಕ್ಕೆ ತಿರುಗುವ ಹಳಿ, ಆ ಬದಿಯ ಸಿಗ್ನಲ್, ಲೆವೆಲ್ ಕ್ರಾಸಿಂಗ್‌ನ ಮಂದಿ ಯಾವುದೂ ಕಾಣಿಸದು. ಆ ಬದಿಯನ್ನು ನೋಡಿ ಸಿಗ್ನಲ್‌ನ ಸ್ಥಿತಿಯನ್ನು ಕೂಗಿ ಹೇಳುವುದು ಸಹಾಯಕ ಚಾಲಕನ ಹೊಣೆ. ಚಾಲಕನು ಅದನ್ನು ಮರಳಿ ಉಚ್ಚರಿಸಿ ಖಚಿತಪಡಿಸಬೇಕು. ಇಬ್ಬರ ನಡುವಿನ ಈ ಕೂಗು ಸುರಕ್ಷತೆಯ ಮುಖ್ಯ ಆಧಾರವಾಗಿತ್ತು.

ನೋಟವನ್ನು ಉತ್ತಮಪಡಿಸುವ ಯತ್ನಗಳೂ ನಡೆದವು. 17700ರ ಶ್ರೇಣಿಯ ಕೆಲವು ಲೋಕೋಮೋಟಿವ್‌ಗಳಿಗೆ ಕೋಣೆಯಷ್ಟೇ ಅಗಲವಾದ ಗಿಡ್ಡ ಮೂತಿಯನ್ನು ಕೊಡಲಾಯಿತು. ಇವುಗಳಿಗೆ ‘ಜಂಬೋ’ ಎಂಬ ಅಡ್ಡಹೆಸರು ಬಂತು. ಪ್ರಯೋಗ ಮಾತ್ರ ಮುಂದುವರಿಯಲಿಲ್ಲ. ಕೋಣೆಯ ಬಿಸಿ, ಎಂಜಿನ್‌ನ ಸದ್ದು, ಶೌಚಾಲಯದ ಅಭಾವ ಇವು ಸಿಬ್ಬಂದಿಯ ಪಾಲಿಗೆ ಈ ವರ್ಗದ ದೀರ್ಘಕಾಲದ ಕೊರತೆಗಳು. ಹಬೆಯ ಲೋಕೋಮೋಟಿವ್‌ನ ಕುಲುಮೆಯ ಮುಂದೆ ನಿಂತು ದುಡಿದವರಿಗೆ ಇದು ಆರಾಮದ ಜಾಗವೆನಿಸಿದ್ದರೆ ಆಶ್ಚರ್ಯವಿಲ್ಲ. ಮುಂದಿನ ತಲೆಮಾರಿನವರು ಹಾಗೆ ಭಾವಿಸಲಿಲ್ಲ.

ಹೊಗೆ

ಚಾಲಕನ ಕೈಯಲ್ಲಿರುವ ಶಕ್ತಿ ನಿಯಂತ್ರಕದಲ್ಲಿ ಎಂಟು ಹಂತಗಳಿವೆ. ಇವುಗಳಿಗೆ ‘ನಾಚ್’ ಎಂದು ಹೆಸರು. ಹಂತವನ್ನು ಏರಿಸಿದ ಕೂಡಲೇ ಸಿಲಿಂಡರ್‌ಗಳಿಗೆ ಹೆಚ್ಚು ಡೀಸೆಲ್ ಸಿಗುತ್ತದೆ. ಆದರೆ ಹೆಚ್ಚಿನ ಗಾಳಿಯನ್ನು ತಳ್ಳಬೇಕಾದ ಟರ್ಬೊಚಾರ್ಜರ್ ಎಂಜಿನ್‌ನ ಬಿಸಿ ಅನಿಲದಿಂದಲೇ ತಿರುಗುವಂಥದು. ಅದು ವೇಗ ಪಡೆಯಲು ಕೆಲವು ಕ್ಷಣಗಳು ಬೇಕು. ಆ ಅವಧಿಯಲ್ಲಿ ಗಾಳಿ ಸಾಲದೆ ಇಂಧನ ಪೂರ್ತಿ ಉರಿಯುವುದಿಲ್ಲ. ಉರಿಯದ ಇಂಗಾಲ ಕಪ್ಪು ಹೊಗೆಯಾಗಿ ಮೇಲೇಳುತ್ತದೆ. ನಿಲ್ದಾಣದಿಂದ ಹೊರಡುವ ಡಬ್ಲ್ಯೂಡಿಎಂ-2ರ ತಲೆಯ ಮೇಲೆ ಕಾಣುತ್ತಿದ್ದ ಕರಿಮೋಡದ ಕಾರಣ ಇಷ್ಟೇ. ಅಮೆರಿಕದ ರೈಲುಪ್ರಿಯರು ಆಲ್ಕೊ ಡೀಸೆಲ್‌ಗಳಿಗೆ ‘ಗೌರವ ಹಬೆ ಲೋಕೋಮೋಟಿವ್’ ಎಂಬ ಬಿರುದು ಕೊಟ್ಟದ್ದೂ ಈ ಹೊಗೆಯ ದೆಸೆಯಿಂದ. ಭಾರತದಲ್ಲಿಯೂ ಈ ಹೊಗೆಗೆ ಮತ್ತು ಖಾಲಿ ಓಡುವಾಗಿನ ಗುಡುಗುಡು ಲಯಕ್ಕೆ ಅಭಿಮಾನಿಗಳು ಕಡಿಮೆಯಿಲ್ಲ. ಕಿಟಕಿಯ ಬದಿಯ ಪ್ರಯಾಣಿಕರಿಗೂ ಹಳಿಯ ಅಂಚಿನ ಮನೆಗಳಿಗೂ ಅದು ಮಸಿ ಮಾತ್ರ ಆಗಿತ್ತು.

ಸೇವೆ

1960 ಮತ್ತು 70ರ ದಶಕಗಳಲ್ಲಿ ಈ ವರ್ಗವು ಮೊದಲು ಭಾರಿ ಸರಕು ರೈಲುಗಳಲ್ಲಿ, ಬಳಿಕ ದೂರದ ಎಕ್ಸ್‌ಪ್ರೆಸ್‌ಗಳಲ್ಲಿ ಹಬೆಯ ಸ್ಥಾನವನ್ನು ಆಕ್ರಮಿಸಿತು. ಚಿತ್ತರಂಜನ್ ಕಾರ್ಖಾನೆ ಹಬೆಯ ಲೋಕೋಮೋಟಿವ್‌ಗಳನ್ನು ಇನ್ನೂ ತಯಾರಿಸುತ್ತಿದ್ದಾಗಲೇ ವಾರಾಣಸಿಯಲ್ಲಿ ಅವುಗಳ ಉತ್ತರಾಧಿಕಾರಿ ಸಿದ್ಧವಾಗುತ್ತಿತ್ತು. ಕೇಬಲ್ ಜೋಡಿಸಿ ಎರಡು ಲೋಕೋಮೋಟಿವ್‌ಗಳನ್ನು ಒಂದೇ ಕೋಣೆಯಿಂದ ನಡೆಸುವ ಸೌಲಭ್ಯವಿದ್ದುದರಿಂದ ಉದ್ದನೆಯ ರೈಲುಗಳು ಸಾಧ್ಯವಾದವು. ಹಬೆಯಲ್ಲಿ ಎರಡು ಲೋಕೋಮೋಟಿವ್‌ಗಳಿಗೆ ಎರಡು ತಂಡಗಳು ಬೇಕಿದ್ದವು. ದಕ್ಷಿಣದ ನಗರಗಳನ್ನು ದೆಹಲಿಗೆ ಜೋಡಿಸಿದ ದೂರದ ರೈಲುಗಳಲ್ಲಿ ಇಂಥ ಜೋಡಿ ಡೀಸೆಲ್ ಪರಿಚಿತ ದೃಶ್ಯವಾಗಿತ್ತು.

1973ರ ತೈಲ ಬಿಕ್ಕಟ್ಟು ಆಮದು ಇಂಧನದ ಅವಲಂಬನೆಯನ್ನು ಪ್ರಶ್ನಿಸಿತು, ವಿದ್ಯುದೀಕರಣಕ್ಕೆ ಒತ್ತು ಕೊಟ್ಟಿತು. ಆದರೂ ತಂತಿ ಎಳೆಯದ ಸಾವಿರಾರು ಕಿಲೋಮೀಟರ್ ಮಾರ್ಗಕ್ಕೆ ಡಬ್ಲ್ಯೂಡಿಎಂ-2 ಬಿಟ್ಟರೆ ಬೇರೆ ದಾರಿಯಿರಲಿಲ್ಲ. ಕಲ್ಯಾಣ್, ಇಟಾರ್ಸಿ, ಗುತ್ತಿ, ಕಾಜಿಪೇಟೆ, ಈರೋಡ್, ಪುಣೆ, ಲುಧಿಯಾನ ಮುಂತಾದ ಶೆಡ್‌ಗಳು ಇವುಗಳ ನೆಲೆಗಳಾದವು. ಪ್ರತಿ ಶೆಡ್ ತನ್ನದೇ ಬಣ್ಣದ ವಿನ್ಯಾಸವನ್ನು ರೂಢಿಸಿಕೊಂಡಿದ್ದರಿಂದ ಲೋಕೋಮೋಟಿವ್ ಯಾವ ಊರಿನದೆಂದು ದೂರದಿಂದಲೇ ಗುರುತಿಸಬಹುದಿತ್ತು. ಒಂದೇ ವಿನ್ಯಾಸ ದೇಶದಾದ್ಯಂತ ಹರಡಿದ್ದರಿಂದ ಒಂದು ಶೆಡ್‌ನ ಬಿಡಿಭಾಗ ಇನ್ನೊಂದಕ್ಕೆ ಹೊಂದುತ್ತಿತ್ತು. ಒಂದು ಕಡೆ ಕಲಿತ ಕುಶಲಕರ್ಮಿ ಎಲ್ಲಿಗೆ ಹೋದರೂ ಕೆಲಸ ಮಾಡಬಲ್ಲವನಾಗಿದ್ದ. ಈ ಸಮರೂಪತೆಗೆ ತೆತ್ತ ಬೆಲೆಯೂ ಇದೆ: ಜಗತ್ತಿನ ಇತರೆಡೆ ಡೀಸೆಲ್ ತಂತ್ರಜ್ಞಾನ ಮುಂದೆ ಸಾಗುತ್ತಿದ್ದಾಗ ಭಾರತವು 1960ರ ದಶಕದ ಆರಂಭದ ವಿನ್ಯಾಸವನ್ನೇ ತಿದ್ದುತ್ತ ಕುಳಿತಿತು.

ಕರ್ನಾಟಕದಲ್ಲಿ

ಈ ವರ್ಗವು ಸೇವೆಗೆ ಬಂದಾಗ ಕರ್ನಾಟಕದ ಬಹುಭಾಗ ಮೀಟರ್ ಗೇಜ್ ಆಗಿತ್ತು. ಬೆಂಗಳೂರು–ಮೈಸೂರು, ಬೆಂಗಳೂರು–ಅರಸೀಕೆರೆ–ಹುಬ್ಬಳ್ಳಿ ಮಾರ್ಗಗಳಲ್ಲಿ ಡಬ್ಲ್ಯೂಡಿಎಂ-2 ಓಡುವಂತೆಯೇ ಇರಲಿಲ್ಲ. ಅಲ್ಲಿ ಹಬೆಯ ಬಳಿಕ ಬಂದದ್ದು ಇದರ ಮೀಟರ್ ಗೇಜ್ ಸೋದರ ವೈಡಿಎಂ-4. ಅದರಲ್ಲಿಯೂ 251 ಶ್ರೇಣಿಯ ಎಂಜಿನ್ನೇ ಇತ್ತು, ಆದರೆ ಆರು ಸಿಲಿಂಡರ್‌ಗಳದ್ದು. ರಾಯಚೂರು–ವಾಡಿ–ಕಲಬುರಗಿಯ ಮೂಲಕ ಹಾಯುವ ಮುಂಬಯಿ–ಮದರಾಸು ಮಾರ್ಗ, ಬೆಂಗಳೂರು–ಜೋಲಾರಪೇಟೆ ಮಾರ್ಗ, ಕೇರಳದ ಕಡೆಯಿಂದ ಮಂಗಳೂರನ್ನು ಮುಟ್ಟುವ ಮಾರ್ಗ ಇವು ಆಗಿನ ಬ್ರಾಡ್ ಗೇಜ್ ಸಂಪರ್ಕಗಳಲ್ಲಿ ಮುಖ್ಯವಾದವು. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯು ರಾಜ್ಯದ ಹಳಿಗಳನ್ನು ಅಗಲಗೊಳಿಸಿದಂತೆ ಡಬ್ಲ್ಯೂಡಿಎಂ-2 ಮತ್ತು ಅದರ ಸುಧಾರಿತ ರೂಪಗಳು ಒಳನಾಡಿಗೂ ತಲುಪಿದವು. ಬೆಂಗಳೂರಿನ ಕೃಷ್ಣರಾಜಪುರಂ ಶೆಡ್ ಇವುಗಳ ನೆಲೆಯಾಗಿತ್ತು. ಕ್ಯಾಸಲ್‌ರಾಕ್‌ನಿಂದ ದೂಧ್‌ಸಾಗರದ ಬದಿಯಲ್ಲಿ ಗೋವೆಯ ಕುಲೆಂಗೆ ಇಳಿಯುವ ಘಟ್ಟದಲ್ಲಿ 37 ಮೀಟರಿಗೆ ಒಂದು ಮೀಟರಿನಷ್ಟು ಇಳಿಜಾರಿದೆ. ಅಲ್ಲಿ ಬ್ರಾಡ್ ಗೇಜ್ ಬಂದ ಮೇಲೆ ಆಲ್ಕೊ ವಂಶದ ಡೀಸೆಲ್‌ಗಳು ರೈಲಿನ ಹಿಂದೆ ನಿಂತು ತಳ್ಳುವ ಕೆಲಸವನ್ನೂ ಮಾಡಿದವು.

ಉಪವರ್ಗಗಳು ಮತ್ತು ವಂಶ

ಎರಡೂ ಬಗೆಯ ಬ್ರೇಕ್‌ಗಳಿಗೆ ಹೊಂದುವಂತೆ ಮಾರ್ಪಡಿಸಿದವು ಡಬ್ಲ್ಯೂಡಿಎಂ-2ಎ, ಹುಟ್ಟಿನಿಂದಲೇ ವಾಯು ಬ್ರೇಕ್ ಹೊಂದಿದವು ಡಬ್ಲ್ಯೂಡಿಎಂ-2ಬಿ ಎನಿಸಿಕೊಂಡವು. ಕೊನೆಗಾಲದಲ್ಲಿ ಯಾರ್ಡುಗಳಲ್ಲಿ ಶಂಟಿಂಗ್‌ಗೆ ಮೀಸಲಾದವು ಡಬ್ಲ್ಯೂಡಿಎಂ-2ಎಸ್. ಹೆಚ್ಚು ಮಹತ್ವದ ಬೆಳವಣಿಗೆ 1994ರಲ್ಲಿ ಬಂದ 3,100 ಅಶ್ವಶಕ್ತಿಯ ರೂಪ. ಮೊದಲು ಡಬ್ಲ್ಯೂಡಿಎಂ-2ಸಿ ಎನಿಸಿಕೊಂಡ ಇದು ಬಳಿಕ ಡಬ್ಲ್ಯೂಡಿಎಂ-3ಎ ಆಯಿತು. ಇದರಲ್ಲಿ ನೇರ ವಿದ್ಯುತ್ ಜನರೇಟರಿನ ಬದಲು ಆಲ್ಟರ್ನೇಟರ್ ಮತ್ತು ರೆಕ್ಟಿಫೈಯರ್ ಇವೆ. 1981ರಲ್ಲಿ ಸ್ಥಾಪನೆಯಾದ ಪಟಿಯಾಲಾ ಕಾರ್ಖಾನೆಯಲ್ಲಿ ಅನೇಕ ಹಳೆಯ ಡಬ್ಲ್ಯೂಡಿಎಂ-2ಗಳನ್ನು ಬಿಚ್ಚಿ ಇದೇ ಮಟ್ಟಕ್ಕೆ ಮರುನಿರ್ಮಿಸಲಾಯಿತು. ಆದ್ದರಿಂದ ಡಬ್ಲ್ಯೂಡಿಎಂ-3ಎ ಎಂದು ಬರೆದುಕೊಂಡ ಲೋಕೋಮೋಟಿವ್‌ನ ಚೌಕಟ್ಟು 1970ರ ದಶಕದ್ದಾಗಿರುವುದೂ ಉಂಟು. 3,300 ಅಶ್ವಶಕ್ತಿಯ ಡಬ್ಲ್ಯೂಡಿಎಂ-3ಡಿ ಈ ವಂಶದ ಅತ್ಯಂತ ಶಕ್ತ ರೂಪಗಳಲ್ಲೊಂದು. ಶ್ರೀಲಂಕಾ ರೈಲ್ವೆಯ ಎಂ8 ವರ್ಗವೂ ವಾರಾಣಸಿಯಲ್ಲಿ ತಯಾರಾದ ಇದೇ ಕುಟುಂಬದ ಲೋಕೋಮೋಟಿವ್.

ನಿವೃತ್ತಿ

1995ರಲ್ಲಿ ಭಾರತವು ಜನರಲ್ ಮೋಟರ್ಸ್ ಜೊತೆ ಒಪ್ಪಂದ ಮಾಡಿಕೊಂಡಿತು. ಈ ಬಾರಿ ತಂತ್ರಜ್ಞಾನ ಹಸ್ತಾಂತರ ಒಪ್ಪಂದದ ಭಾಗವಾಗಿತ್ತು. ಮೂರು ದಶಕಗಳ ಹಿಂದೆ ದೊರೆಯದಿದ್ದದ್ದು ಈಗ ದೊರೆಯಿತು. ಮೂರು ಫೇಸ್ ಮೋಟರ್‌ಗಳ, 4,000 ಅಶ್ವಶಕ್ತಿಯ ಡಬ್ಲ್ಯೂಡಿಜಿ-4 ಲೋಕೋಮೋಟಿವ್‌ಗಳು 1999ರಿಂದ ಬರತೊಡಗಿದವು. ಅವುಗಳ ಮೊದಲ ನೆಲೆ ಹುಬ್ಬಳ್ಳಿ ಶೆಡ್. ಕಡಿಮೆ ಇಂಧನದಲ್ಲಿ ಹೆಚ್ಚು ಎಳೆಯುವ, ಗಾಲಿಯ ಜಾರುವಿಕೆಯನ್ನು ಕಂಪ್ಯೂಟರ್‌ನಿಂದ ನಿಯಂತ್ರಿಸುವ ಈ ವರ್ಗದ ಮುಂದೆ ಡಬ್ಲ್ಯೂಡಿಎಂ-2 ಹಳತಾಗಿ ಕಂಡಿತು.

ಭಾರತೀಯ ರೈಲ್ವೆಯಲ್ಲಿ ಡೀಸೆಲ್ ಲೋಕೋಮೋಟಿವ್‌ನ ನಿಗದಿತ ಆಯುಷ್ಯ 36 ವರ್ಷ. ಆ ಲೆಕ್ಕದಂತೆ 1960 ಮತ್ತು 70ರ ದಶಕಗಳ ಲೋಕೋಮೋಟಿವ್‌ಗಳು ಹೊಸ ಶತಮಾನದ ಆರಂಭದ ವರ್ಷಗಳಲ್ಲಿ ಗುಜರಿಗೆ ಸೇರತೊಡಗಿದವು. ಉಳಿದವು ಎಕ್ಸ್‌ಪ್ರೆಸ್‌ಗಳಿಂದ ಪ್ಯಾಸೆಂಜರ್ ರೈಲುಗಳಿಗೆ, ಅಲ್ಲಿಂದ ಯಾರ್ಡಿನ ಶಂಟಿಂಗ್‌ಗೆ ಸರಿದವು. 2010ರ ದಶಕದ ತ್ವರಿತ ವಿದ್ಯುದೀಕರಣವು ಈ ಕೆಲಸಗಳನ್ನೂ ಕಿರಿದಾಗಿಸಿತು. 2019ರಲ್ಲಿ ವಾರಾಣಸಿ ಕಾರ್ಖಾನೆಯು ಆಲ್ಕೊ ವಂಶದ ಎರಡು ಡಬ್ಲ್ಯೂಡಿಜಿ-3ಎ ಲೋಕೋಮೋಟಿವ್‌ಗಳಿಂದ ಡೀಸೆಲ್ ಎಂಜಿನ್ ತೆಗೆದು, ಅವುಗಳನ್ನು 10,000 ಅಶ್ವಶಕ್ತಿಯ ಜೋಡಿ ವಿದ್ಯುತ್ ಲೋಕೋಮೋಟಿವ್ ಆಗಿ ಪರಿವರ್ತಿಸಿ ಸೇವೆಗೆ ಇಳಿಸಿತು. ಮರುವರ್ಷ ಕಾರ್ಖಾನೆಯ ಹೆಸರಿನಿಂದ ‘ಡೀಸೆಲ್’ ಎಂಬ ಪದವನ್ನು ಕೈಬಿಡಲಾಯಿತು. ಅದು ಈಗ ಬನಾರಸ್ ಲೋಕೋಮೋಟಿವ್ ವರ್ಕ್ಸ್.